ರಥ ಮುಟ್ಟುವ ಹಕ್ಕು: ಶ್ರೀಮಹಾವೀರಜಿ ಕ್ಷೇತ್ರದ ಚೈತ್ರ ಜಾತ್ರೆ

ಕ್ಷೇತ್ರವೊಂದರ ಇತಿಹಾಸವನ್ನು ಬರೆಯುವವರು ಮೊದಲು ಅರಸುವುದು ಶಾಸನಗಳನ್ನು ಮತ್ತು ದಾನಪತ್ರಗಳನ್ನು. ಅವು ದಾನಿಗಳನ್ನೂ ಆಚಾರ್ಯರನ್ನೂ ಹೆಸರಿಸುತ್ತವೆ. ರಥದ ಮುಂದೆ ನಡೆದವರನ್ನು ಹೆಸರಿಸುವುದು ವಿರಳ. ಅಂಥವರ ಪಾಲು ಉಳಿದುಬರುವುದು ಹೆಚ್ಚಾಗಿ ಜಾತ್ರೆಯ ವಿಧಿಕ್ರಮದಲ್ಲಿ. ರಾಜಸ್ಥಾನದ ಶ್ರೀಮಹಾವೀರಜಿ ಅತಿಶಯ ಕ್ಷೇತ್ರದ ವಾರ್ಷಿಕ ಜಾತ್ರೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಈ ಕ್ಷೇತ್ರವು ಕರೌಲಿ ಜಿಲ್ಲೆಯಲ್ಲಿ, ಹಿಂಡೌನ್ ಪಟ್ಟಣದ ಸಮೀಪ, ಗಂಭೀರ ನದಿಯ ದಡದಲ್ಲಿದೆ. ಊರಿನ ಹಳೆಯ ಹೆಸರು ಚಾಂದನಗಾಂವ್. ಜಾತ್ರೆ ಚೈತ್ರ ಶುಕ್ಲ ಪಕ್ಷದಲ್ಲಿ ಆರಂಭವಾಗಿ, ತ್ರಯೋದಶಿಯ ಮಹಾವೀರ ಜಯಂತಿಯನ್ನು ಒಳಗೊಂಡು, ಹುಣ್ಣಿಮೆಯ ಮರುದಿನದ ರಥೋತ್ಸವದಲ್ಲಿ ತುದಿ ಮುಟ್ಟುತ್ತದೆ. ಉತ್ತರದ ಪೂರ್ಣಿಮಾಂತ ಗಣನೆಯಲ್ಲಿ ಆ ದಿನ ವೈಶಾಖ ಕೃಷ್ಣ ಪ್ರತಿಪದೆ. ಕನ್ನಡ ನಾಡಿನ ಪಂಚಾಂಗದಲ್ಲಿ ಅದೇ ಚೈತ್ರ ಬಹುಳ ಪಾಡ್ಯ. ಗೋಧಿ, ಸಾಸಿವೆ, ಕಡಲೆಯ ಹಿಂಗಾರು ಬೆಳೆ ಕೈಸೇರುವ ಬೇಸಗೆಯ ಕಾಲವದು. ರೈತಾಪಿ ಸಮುದಾಯಗಳು ಜಾತ್ರೆಗೆ ದೊಡ್ಡ ಸಂಖ್ಯೆಯಲ್ಲಿ ನೆರೆಯಲು ಈ ಬಿಡುವೂ ಕಾರಣ.

ಕ್ಷೇತ್ರದ ಮೂಲಕಥೆಯಲ್ಲಿ ಮುಖ್ಯ ಪಾತ್ರ ಒಬ್ಬ ಚರ್ಮಕಾರನದು. ಅವನ ಹಸು ದಿನವೂ ಒಂದು ದಿಬ್ಬದ ಮೇಲೆ ತಾನಾಗಿ ಹಾಲು ಸುರಿಸುತ್ತಿತ್ತು; ಅಲ್ಲಿ ಅಗೆದಾಗ ಮಹಾವೀರರ ಪದ್ಮಾಸನ ಬಿಂಬ ದೊರೆಯಿತು ಎನ್ನುತ್ತದೆ ಐತಿಹ್ಯ. ಕರೆದ ಹಾಲನ್ನು ಹಸು ನೆಲಕ್ಕೆ ಸುರಿಸುವ ಆಶಯ ಭಾರತದ ಅನೇಕ ಸ್ಥಳಪುರಾಣಗಳಲ್ಲಿದೆ. ಇಲ್ಲಿ ವಿಶೇಷವಾದದ್ದು ಕಥೆಯ ಮುಂದಿನ ಭಾಗ. ಬಿಂಬವನ್ನು ಬೇರೆಡೆಗೆ ಒಯ್ಯಲು ಹೊರಟಾಗ ಬಂಡಿ ಕದಲಲಿಲ್ಲ; ಚರ್ಮಕಾರನು ಕೈಹಚ್ಚಿದ ಬಳಿಕವೇ ಚಲಿಸಿತು.

ದೇವಾಲಯದ ನಿರ್ಮಾಣದ ವಿಷಯದಲ್ಲಿ ಮಾತ್ರ ಪರಂಪರೆಗಳು ಒಂದಾಗುವುದಿಲ್ಲ. ದಿಗಂಬರರು ಬಸವಾ ಊರಿನ ಅಮರಚಂದ ಬಿಲಾಲಾ ಎಂಬ ಶ್ರಾವಕನನ್ನು ನಿರ್ಮಾಪಕನೆಂದು ಸ್ಮರಿಸುತ್ತಾರೆ. ಶ್ವೇತಾಂಬರ ಪಲ್ಲೀವಾಲರ ಕಥನದಲ್ಲಿ ಆ ಸ್ಥಾನ ಭರತಪುರದ ದಿವಾನ ಜೋಧರಾಜನದು. ಮರಣದಂಡನೆಗೆ ಗುರಿಯಾದ ಅವನು ಮಹಾವೀರರನ್ನು ನೆನೆದು ಫಿರಂಗಿಯ ಹೊಡೆತಗಳಿಂದ ಪಾರಾದನಂತೆ. ಎರಡು ಪಂಥಗಳ ನಡುವಿನ ಈ ಹಕ್ಕಿನ ವಿವಾದ ನ್ಯಾಯಾಲಯವನ್ನೂ ಕಂಡಿತು. ಆದರೆ ಬಿಂಬವನ್ನು ಕಂಡವನು ಯಾರು ಎಂಬ ಪ್ರಶ್ನೆಗೆ ಜಾತ್ರೆ ಪ್ರತಿವರ್ಷ ಒಂದೇ ಉತ್ತರ ನೀಡುತ್ತದೆ. ರಥ ಹೊರಡುವ ಮುನ್ನ ಆ ಚರ್ಮಕಾರನ ವಂಶಸ್ಥರನ್ನು ಸನ್ಮಾನಿಸುತ್ತಾರೆ. ಅವರು ರಥವನ್ನು ಮುಟ್ಟಿದ ಮೇಲೆಯೇ ಮೆರವಣಿಗೆ ಸಾಗುತ್ತದೆ. ಬಿಂಬ ದೊರೆತ ಸ್ಥಳದಲ್ಲಿ ಚರಣಪಾದುಕೆಗಳ ಛತ್ರಿಯಿದ್ದು, ಅಲ್ಲಿಯ ಕಾಣಿಕೆ ಅವರ ಮನೆತನಕ್ಕೆ ಸಲ್ಲುವುದು ರೂಢಿ.

ಉಳಿದ ಸಮುದಾಯಗಳಿಗೂ ನಿಯತ ಸ್ಥಾನಗಳಿವೆ. ರಥ ನದಿಯತ್ತ ಸಾಗುವಾಗ ಹಾಡಿ ಕುಣಿಯುತ್ತ ಜೊತೆಗೂಡುವವರು ಮೀಣಾ ಜನ. ನದೀತೀರದಲ್ಲಿ ಅಭಿಷೇಕ ಮುಗಿದು ರಥ ಮರಳುವಾಗ ಆ ಸರದಿ ಗುಜ್ಜರರದು. ಹಿಂಡೌನದ ಉಪವಿಭಾಗಾಧಿಕಾರಿ ಸರ್ಕಾರದ ಪ್ರತಿನಿಧಿಯಾಗಿ ಸಾರಥಿಯ ಆಸನದಲ್ಲಿ ಕುಳಿತುಕೊಳ್ಳುತ್ತಾರೆ. ಇವರಲ್ಲಿ ಬಹುಪಾಲು ಜನ ಜೈನರಲ್ಲ. ಆದರೂ ಅವರಿಲ್ಲದೆ ಉತ್ಸವ ಪೂರ್ಣವಾಗದು.

ಈ ವ್ಯವಸ್ಥೆಯನ್ನು ಸಮಾನತೆಯ ಮಾದರಿಯೆಂದು ಹೊಗಳಿ ಮುಗಿಸುವುದು ಅವಸರದ ತೀರ್ಮಾನವಾದೀತು. ಗೌರವ ಸಲ್ಲುವುದು ಒಂದು ಮನೆತನಕ್ಕೆ, ಒಂದು ಸಂದರ್ಭದಲ್ಲಿ. ಕ್ಷೇತ್ರದ ಆಡಳಿತ ಅದರಿಂದ ಕೈ ಬದಲಾಯಿಸುವುದಿಲ್ಲ. ಹಾಗೆಂದು ಅದನ್ನು ಬರಿಯ ಉಪಚಾರವೆನ್ನುವುದೂ ಸಲ್ಲದು. ಸಂಪತ್ತುಳ್ಳವರು ಗುಡಿ ಕಟ್ಟಿಸಿದರು ಎಂಬುದರ ಜೊತೆಗೆ, ದೇವರನ್ನು ಮೊದಲು ಕಂಡವನು ಹಸು ಕಾಯುತ್ತಿದ್ದ ಚರ್ಮಕಾರ ಎಂಬುದನ್ನು ಸಹಸ್ರಾರು ಜನರ ಎದುರು ಒಪ್ಪಿಕೊಳ್ಳಬೇಕಾಗುತ್ತದೆ. ಆ ಒಪ್ಪಿಗೆಯನ್ನು ಕೈಬಿಟ್ಟರೆ ರಥ ಹೊರಡುವುದಿಲ್ಲ.

ಜಾತ್ರೆಯಿಂದ ಬೆಳೆದ ಕ್ಷೇತ್ರವು ಸಾಹಿತ್ಯಾಭ್ಯಾಸಿಗಳಿಗೂ ಉಪಕರಿಸಿದೆ. ಕಸ್ತೂರಚಂದ ಕಾಸಲೀವಾಲರು ಸಿದ್ಧಪಡಿಸಿದ ರಾಜಸ್ಥಾನದ ಜೈನ ಶಾಸ್ತ್ರಭಂಡಾರಗಳ ಗ್ರಂಥಸೂಚಿಯ ಐದು ಸಂಪುಟಗಳನ್ನು ಪ್ರಕಟಿಸಿದ್ದು ಈ ಕ್ಷೇತ್ರದ ಆಡಳಿತ ಸಮಿತಿಯೇ. ಜಯಪುರದ ಅಪಭ್ರಂಶ ಸಾಹಿತ್ಯ ಅಕಾಡೆಮಿಯೂ ಅದರ ಆಶ್ರಯದಲ್ಲಿದೆ. ಕನ್ನಡ ನಾಡಿಗೂ ಇದರೊಡನೆ ನಂಟುಂಟು. ಪೊನ್ನನಿಗೆ ಆಶ್ರಯವಿತ್ತ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿಯೇ ಪುಷ್ಪದಂತನು ಮಾನ್ಯಖೇಟದಲ್ಲಿ, ಎಂದರೆ ಇಂದಿನ ಮಳಖೇಡದಲ್ಲಿ, ಅಪಭ್ರಂಶ ಮಹಾಪುರಾಣವನ್ನು ಕ್ರಿ.ಶ. 965ರಲ್ಲಿ ಮುಗಿಸಿದನು. ಆ ಕೃತಿಯ ಹಸ್ತಪ್ರತಿಗಳನ್ನು ಕಾಪಾಡಿದವುಗಳಲ್ಲಿ ಜಯಪುರದ ಭಂಡಾರಗಳೂ ಸೇರಿವೆ. ಮಳಖೇಡದ ಕವಿಯನ್ನು ಇಂದು ಓದುವವರು ಚಾಂದನಗಾಂವ್‌ನ ಯಾತ್ರಿಕರಿಗೂ ಒಂದಿಷ್ಟು ಋಣಿಗಳು.