ಉಮೇದುವಾರನ ನೆನಪು, ಇತಿಹಾಸದ ಸಾಕ್ಷ್ಯ: ಎಡಿಸನ್ನನ 1921ರ ಪ್ರಶ್ನಾವಳಿ

ಉದ್ಯೋಗಕ್ಕೆ ಜನರನ್ನು ಆರಿಸಿಕೊಳ್ಳುವ ಕ್ರಮದ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಆಧಾರಗಳದು. ಆರಿಸಿದವರ ಕಡತಗಳು ಉಳಿಯುತ್ತವೆ. ತಿರಸ್ಕೃತರಾದವರ ಅನುಭವ ಉಳಿಯುವುದು ವಿರಳ. ಈ ಸಾಮಾನ್ಯ ನಿಯಮಕ್ಕೆ ಅಪವಾದವಾದ ಒಂದು ಪ್ರಸಂಗವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯು ಸುಮಾರು 17 ಲಕ್ಷ ಜನರನ್ನು ಮನಶ್ಶಾಸ್ತ್ರಜ್ಞರು ರಚಿಸಿದ ಬುದ್ಧಿಪರೀಕ್ಷೆಗೆ ಒಳಪಡಿಸಿತು. ಮನುಷ್ಯನ ಯೋಗ್ಯತೆಯನ್ನು ಪ್ರಶ್ನಪತ್ರಿಕೆಯಿಂದ ಅಳೆಯಬಹುದೆಂಬ ನಂಬಿಕೆ ಅಲ್ಲಿಂದ ಕಾರ್ಖಾನೆಗಳಿಗೂ ಕಚೇರಿಗಳಿಗೂ ಹರಡಿತು. ನ್ಯೂಜೆರ್ಸಿಯ ವೆಸ್ಟ್ ಆರೆಂಜಿನಲ್ಲಿ ಪ್ರಯೋಗಶಾಲೆಯನ್ನೂ ಕಾರ್ಖಾನೆಗಳನ್ನೂ ನಡೆಸುತ್ತಿದ್ದ ಥಾಮಸ್ ಆಲ್ವ ಎಡಿಸನ್ನನು ತನ್ನ ಬಳಿಗೆ ಬರುವ ಪದವೀಧರರಿಗಾಗಿ ತಾನೇ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದನು. ಅವನು ಶಾಲೆಯಲ್ಲಿ ಕಲಿತದ್ದು ಕೆಲವೇ ತಿಂಗಳು. ಕಾಲೇಜಿನ ವಿದ್ಯೆಯಲ್ಲಿ ಅವನಿಗೆ ವಿಶ್ವಾಸ ಕಡಮೆ.

ಪ್ರಶ್ನೆಗಳ ಸ್ವರೂಪ ವಿಲಕ್ಷಣವಾಗಿತ್ತು. ಫ್ರಾನ್ಸಿನ ಎಲ್ಲೆಗೆ ತಾಗಿರುವ ದೇಶಗಳಾವುವು? ವೋಲ್ಗಾ ನದಿ ಎಲ್ಲಿದೆ? ತೊಗಲನ್ನು ಹದಮಾಡುವುದು ಹೇಗೆ? ಲಾಗರಿದಮ್ಮನ್ನು ಕಂಡುಹಿಡಿದವರು ಯಾರು? 20 ಅಡಿ ಅಗಲ, 30 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕವೆಷ್ಟು? ಉಮೇದುವಾರನು ಮಾಡಬೇಕಾದ ಕೆಲಸಕ್ಕೂ ಈ ಪ್ರಶ್ನೆಗಳಲ್ಲಿ ಬಹುಪಾಲಿಗೂ ನೇರವಾದ ಸಂಬಂಧವಿರಲಿಲ್ಲ. ಉತ್ತೀರ್ಣರಾದವರು ಅತಿ ವಿರಳ. ಕಾಲೇಜಿನಿಂದ ಬಂದವರು ಬೆರಗಾಗುವಷ್ಟು ಅಜ್ಞರೆಂದು ಎಡಿಸನ್ನನು ಬಹಿರಂಗವಾಗಿಯೇ ದೂರಿದನು.

ಪ್ರಸಂಗ ಇಷ್ಟಕ್ಕೇ ನಿಂತಿದ್ದರೆ ಯಜಮಾನನ ದೂರು ಮಾತ್ರ ಉಳಿಯುತ್ತಿತ್ತು. ಆದರೆ 1921ರ ಮೇ ತಿಂಗಳಲ್ಲಿ, ಪರೀಕ್ಷೆಯಲ್ಲಿ ಸೋತ ಉಮೇದುವಾರನೊಬ್ಬನು ತನಗೆ ನೆನಪಿದ್ದ ಪ್ರಶ್ನೆಗಳನ್ನು ಪತ್ರಿಕೆಗೆ ಹೇಳಿದನು. ನೂರಕ್ಕೂ ಮಿಕ್ಕ ಆ ಪ್ರಶ್ನೆಗಳನ್ನು 'ನ್ಯೂಯಾರ್ಕ್ ಟೈಮ್ಸ್' ಅಚ್ಚುಮಾಡಿತು. ಒಡನೆಯೇ ಉತ್ತರಗಳೂ ಪ್ರಕಟವಾದವು. ದೇಶದಲ್ಲೆಲ್ಲ ಚರ್ಚೆ ಎದ್ದಿತು. ಆಗ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನನನ್ನು ಬಾಸ್ಟನ್ ನಗರದಲ್ಲಿ ಶಬ್ದದ ವೇಗವೆಷ್ಟೆಂದು ಕೇಳಲಾಗಿ, ಪುಸ್ತಕಗಳಲ್ಲಿ ಸುಲಭವಾಗಿ ದೊರೆಯುವ ಸಂಗತಿಯನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲವೆಂಬ ಅರ್ಥದ ಉತ್ತರ ಅವನಿಂದ ಬಂದಿತು. ಎಡಿಸನ್ನನು ಹಿಂಜರಿಯಲಿಲ್ಲ. ಕಾರ್ಯನಿರ್ವಾಹಕನಿಗೆ ನೆನಪಿನ ಶಕ್ತಿ ಅತ್ಯಗತ್ಯ, ತಾನು ಅಳೆಯುತ್ತಿರುವುದು ಅದನ್ನೇ ಎಂಬುದು ಅವನ ಸಮರ್ಥನೆಯಾಗಿತ್ತು.

ಇಲ್ಲಿಯ ವಿರೋಧಾಭಾಸವನ್ನು ನಾವು ಗಮನಿಸಬೇಕು. ನೆನಪು ಸಾಲದೆಂದು ಹಿಂದಕ್ಕೆ ಕಳುಹಿಸಲ್ಪಟ್ಟವನೇ ನೂರಕ್ಕೂ ಮಿಕ್ಕ ಪ್ರಶ್ನೆಗಳನ್ನು ನೆನಪಿನಿಂದ ಒಪ್ಪಿಸಿದನು! ಎಡಿಸನ್ನನ ಪರೀಕ್ಷೆಯ ವಿಷಯವಾಗಿ ಲೋಕವು ಮೊದಲು ಅರಿತದ್ದು ಆ ಪರೀಕ್ಷೆಯು ಬೇಡವೆಂದ ನೆನಪಿನ ಮೂಲಕ. ಹಾಗೆಂದು ಈ ಸಾಕ್ಷ್ಯವನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಸೋತವನಿಗೆ ಕಹಿಯಿರುವುದು ಸಹಜ. ವಿಚಿತ್ರವಾದ ಪ್ರಶ್ನೆ ಮನಸ್ಸಿನಲ್ಲಿ ನಿಲ್ಲುತ್ತದೆ, ಸಾಧಾರಣವಾದುದು ಜಾರುತ್ತದೆ. ಪತ್ರಿಕೆಗಾದರೋ ವಿಚಿತ್ರವೇ ಪ್ರಿಯ. ಆದರೆ ಯಜಮಾನನ ಹೇಳಿಕೆಯೂ ನಿಷ್ಪಕ್ಷಪಾತವಲ್ಲ. ಒಂದನ್ನು ಇನ್ನೊಂದರ ಒರೆಗೆ ಹಚ್ಚಿದಾಗಲೇ ನಿಜ ಹೊರಡುತ್ತದೆ.

ಪ್ರಸಂಗ ನಡೆದ ಕಾಲವೂ ಗಮನಾರ್ಹ. ಸಂಸ್ಥೆಗಳ ಹೆಸರನ್ನು ಜನರ ಮುಂದೆ ಕಾಪಾಡುವುದೇ ಒಂದು ವೃತ್ತಿಯಾಗಿ ಬೆಳೆಯುತ್ತಿದ್ದ ದಿನಗಳವು. ಎಡ್ವರ್ಡ್ ಬರ್ನೇಸನು ನ್ಯೂಯಾರ್ಕಿನಲ್ಲಿ ಸಾರ್ವಜನಿಕ ಸಂಪರ್ಕದ ಕಚೇರಿಯನ್ನು ತೆರೆದದ್ದು 1919ರಲ್ಲಿ. ಆ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದ್ದು 1923ರಲ್ಲಿ. ಬಾಗಿಲಿಗೆ ಬಂದು ಬರಿಗೈಯಲ್ಲಿ ಮರಳಿದವನ ಮಾತೂ ಸಂಸ್ಥೆಯ ಕೀರ್ತಿಯನ್ನು ಏರುಪೇರು ಮಾಡಬಲ್ಲುದೆಂಬುದನ್ನು ಎಡಿಸನ್ನನ ಪ್ರಸಂಗ ಆ ವೃತ್ತಿಯ ಶೈಶವದಲ್ಲಿಯೇ ತೋರಿಸಿಕೊಟ್ಟಿತು.

ಇಂಥ ಸಾಕ್ಷ್ಯಕ್ಕೆ ನಮ್ಮ ದೇಶದಲ್ಲಿ ನ್ಯಾಯಾಲಯದ ಮನ್ನಣೆಯೂ ದೊರೆತಿದೆ. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ, ಸಂದರ್ಶನವು ಎರಡು ಮೂರು ನಿಮಿಷಗಳಲ್ಲಿ ಮುಗಿಯಿತೆಂದೂ ತಂದೆತಾಯಿ, ಊರುಗಳನ್ನು ಕೇಳಿ ಕಳುಹಿಸಿದರೆಂದೂ ಅಭ್ಯರ್ಥಿಗಳು ಪ್ರಮಾಣಮಾಡಿ ಹೇಳಿದರು. ಇದು ಉದ್ಯೋಗದ ಸಂದರ್ಶನವಲ್ಲವಾದರೂ ಪ್ರಶ್ನೆ ಒಂದೇ. 1980ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ಸಂದರ್ಶನಕ್ಕೆ ಮೀಸಲಿಡುವುದು ಸಮಂಜಸವಲ್ಲವೆಂದಿತು. ಸಂದರ್ಶನಗಳನ್ನು ಧ್ವನಿಮುದ್ರಿಸುವುದು ಅಪೇಕ್ಷಣೀಯವೆಂದೂ ಸೂಚಿಸಿತು.

ಈ ಸೂಚನೆಯ ಅರ್ಥ ದೊಡ್ಡದು. ಪ್ರಶ್ನೆ ಕೇಳುವವನೂ ಪರೀಕ್ಷೆಗೆ ಒಳಗಾದವನೇ. ಅವನ ಉತ್ತರಪತ್ರಿಕೆಯನ್ನು ಓದಬಲ್ಲವನು ಮೊದಲು ಉಮೇದುವಾರ, ಅನಂತರ ಇತಿಹಾಸಕಾರ. ನಮ್ಮ ಕಾಲೇಜುಗಳಿಂದ ವರ್ಷವರ್ಷವೂ ಸಂದರ್ಶನಗಳಿಗೆ ಹೋಗಿಬರುವ ವಿದ್ಯಾರ್ಥಿಗಳು ತಾವು ಕಂಡುದನ್ನು ದಿನಾಂಕಸಹಿತವಾಗಿ, ಉತ್ಪ್ರೇಕ್ಷೆಯಿಲ್ಲದೆ ಬರೆದಿಟ್ಟರೆ, ಮುಂದಿನ ಸಂಶೋಧಕರಿಗೆ ಕಡತಗಳಲ್ಲಿ ಸಿಗದ ಆಧಾರವೊಂದು ದೊರೆಯುವುದೆಂದು ನಾವು ಭಾವಿಸುತ್ತೇವೆ.