ರುಜು ಇದ್ದೂ ಹೆಸರು ಕಳೆದುಕೊಂಡ ಚಿತ್ರಗಾರ್ತಿ

ಬೀರೂರಿನ ಕಡೆಯವರಿಗೆ ತರೀಕೆರೆ ಬಳಿಯ ಅಮೃತಾಪುರ ದೂರದ ಊರೇನಲ್ಲ. ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ. ಅದರ ಮಂಟಪದ ಭುವನೇಶ್ವರಿಗಳಲ್ಲಿ ಕೈ ಪಳಗಿಸಿಕೊಂಡವನು ಎಂದು ಹೇಳಲಾಗುವ ರೂವಾರಿ ಮಲ್ಲಿತಮ್ಮ ಮುಂದೆ ಸೋಮನಾಥಪುರದ ಕೇಶವ ದೇವಾಲಯದವರೆಗೂ ದುಡಿದ. ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರನ್ನೂ ಕೊರೆದ. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ಬರೀ ‘ಮಲ್ಲಿ’. ಹೊಯ್ಸಳ ಶಿಲ್ಪಿಗಳಿಗೆ ಈ ಅಭ್ಯಾಸ ಇದ್ದುದರಿಂದಲೇ ಎಂಟು ನೂರು ವರ್ಷಗಳ ನಂತರವೂ ಯಾವ ವಿಗ್ರಹ ಯಾರದೆಂದು ಹೇಳುವುದು ಸಾಧ್ಯವಾಗಿದೆ.

ಆದರೆ ಕಲಾವಿದ ರುಜು ಹಾಕಿದ್ದೂ ಅದರ ಮೇಲೆ ಬೇರೊಬ್ಬರ ಹೆಸರು ಬರೆದರೆ? ಹಾಲೆಂಡಿನ ಚಿತ್ರಗಾರ್ತಿ ಜೂಡಿತ್ ಲೇಸ್ಟರ್ ವಿಷಯದಲ್ಲಿ ಹಾಗೆಯೇ ಆಯಿತು. ಎರಡು ಶತಮಾನಕ್ಕೂ ಹೆಚ್ಚು ಕಾಲ ಆಕೆಯ ಚಿತ್ರಗಳು ಗಂಡಸರ ಹೆಸರಿನಲ್ಲಿ ಮಾರಾಟವಾದವು, ಗೋಡೆಗಳ ಮೇಲೆ ಮೆರೆದವು. ಆಕೆ ಮಾತ್ರ ಇರಲೇ ಇಲ್ಲವೇನೋ ಎಂಬಂತೆ ಮರೆಯಾದಳು.

ಜೂಡಿತ್ ಹುಟ್ಟಿದ್ದು ಹಾರ್ಲೆಮ್ ಎಂಬ ಊರಿನಲ್ಲಿ. 1609ರ ಜುಲೈ 28ರಂದು ಆಕೆಗೆ ದೀಕ್ಷಾಸ್ನಾನವಾದ ದಾಖಲೆ ಇದೆ. ತಂದೆಗೆ ಎಂಟನೆಯ ಮಗು. ಆತ ಬಟ್ಟೆಯ ಕಸುಬು ಬಿಟ್ಟು ಬಿಯರ್ ತಯಾರಿಕೆಗೆ ಇಳಿದವನು. ‘ಲೇಸ್ಟರ್’ ಎಂಬುದು ಆತನ ಬಿಯರ್ ಕಾರ್ಖಾನೆಯ ಹೆಸರು, ಅದೇ ಮನೆತನದ ಹೆಸರೂ ಆಯಿತು. ಅದರ ಅರ್ಥ ದಾರಿ ತೋರುವ ತಾರೆ, ಅಂದರೆ ನಾವಿಕರು ನೆಚ್ಚುವ ಧ್ರುವನಕ್ಷತ್ರ. 1620ರ ದಶಕದ ನಡುವೆ ತಂದೆ ದಿವಾಳಿಯಾದ. ಒಕ್ಕಲೆದ್ದ ಕುಟುಂಬ 1628ರಲ್ಲಿ ಉಟ್ರೆಕ್ಟ್ ಸಮೀಪದ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿತು.

ಅದೇ ವರ್ಷ ಸ್ಯಾಮುಯೆಲ್ ಆಂಪ್‌ಜಿಂಗ್ ಎಂಬ ಪಾದ್ರಿ ಕವಿ ಹಾರ್ಲೆಮ್ ನಗರವನ್ನು ಹೊಗಳಿ ಪ್ರಕಟಿಸಿದ ಗ್ರಂಥದಲ್ಲಿ ಜೂಡಿತ್‌ಳ ಪ್ರತಿಭೆಯ ಪ್ರಸ್ತಾಪವಿದೆ. ಆಗ ಆಕೆಗೆ ಇನ್ನೂ ಹತ್ತೊಂಬತ್ತು. ಮರುವರ್ಷ, 1629ರಿಂದ, ಆಕೆಯ ರುಜು ಇರುವ ಚಿತ್ರಗಳು ಸಿಗುತ್ತವೆ. ಜೆ ಮತ್ತು ಎಲ್ ಅಕ್ಷರಗಳನ್ನು ಹೆಣೆದು ಪಕ್ಕದಲ್ಲೊಂದು ನಕ್ಷತ್ರ: ಇದೇ ಆಕೆಯ ರುಜು. ತಂದೆಯ ವ್ಯಾಪಾರ ಮುಳುಗಿದ ಮೇಲೂ ಅದರ ಹೆಸರಿನ ನಕ್ಷತ್ರವನ್ನು ಮಗಳು ಬಿಡಲಿಲ್ಲ.

ಆ ಕಾಲದ ಹಾಲೆಂಡಿನ ಪರಿಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಸುಧಾರಿತ ಕ್ರೈಸ್ತ ಪಂಥದ ಚರ್ಚುಗಳಲ್ಲಿ ಚಿತ್ರ, ವಿಗ್ರಹಗಳಿಗೆ ಜಾಗವಿರಲಿಲ್ಲ. ಹಾಗಾಗಿ ಚಿತ್ರಗಾರರಿಗೆ ದೇವರ ಚಿತ್ರಗಳ ದೊಡ್ಡ ಬೇಡಿಕೆ ತಪ್ಪಿತು. ಅದರ ಬದಲು ಸಮುದ್ರ ವ್ಯಾಪಾರದಿಂದ ನಾಲ್ಕು ಕಾಸು ಕಂಡ ವರ್ತಕರು, ಕಸುಬುದಾರರು ತಮ್ಮ ಮನೆಯ ಗೋಡೆಗೆಂದು ಸಣ್ಣ ಚಿತ್ರಗಳನ್ನು ಕೊಳ್ಳತೊಡಗಿದರು. ಅವರಿಗೆ ಬೇಕಾದದ್ದು ಅವರ ಬದುಕೇ: ಪಿಟೀಲು ಬಾರಿಸುವವನು, ಹೆಂಡ ಕುಡಿದು ನಗುವವನು, ಬೆಕ್ಕಿನ ಮರಿಯೊಂದಿಗೆ ಆಡುವ ಮಕ್ಕಳು, ಹೊಲಿಗೆಗೆ ಕುಳಿತ ಹೆಂಗಸು. ನಿತ್ಯಜೀವನದ ಈ ಚಿತ್ರಗಳೇ ಜೂಡಿತ್ ಆರಿಸಿಕೊಂಡ ಪ್ರಕಾರ. ಹಾರ್ಲೆಮ್‌ನಲ್ಲಿ ಈ ಮಾದರಿಗೆ ದೊಡ್ಡ ಹೆಸರು ಫ್ರಾನ್ಸ್ ಹಾಲ್ಸ್. ಆತನ ಬಿರುಸಾದ ಕುಂಚದ ಹೊಡೆತ ಜೂಡಿತ್‌ಳ ಕೈಗೂ ಬಂದಿತ್ತು. ಜೊತೆಗೆ ಉಟ್ರೆಕ್ಟಿನ ಚಿತ್ರಗಾರರಿಗೆ ಪ್ರಿಯವಾಗಿದ್ದ ದೀಪದ ಬೆಳಕಿನ ಆಟವನ್ನೂ ಆಕೆ ಅರಗಿಸಿಕೊಂಡಳು.

ಚಿತ್ರ ಬರೆದು ಮಾರಬೇಕೆಂದರೆ ಸಂತ ಲ್ಯೂಕನ ಹೆಸರಿನ ಚಿತ್ರಗಾರರ ಸಂಘದ ಸದಸ್ಯತ್ವ ಬೇಕು. ನಮ್ಮ ಶಾಸನಗಳಲ್ಲಿ ಬರುವ ಶ್ರೇಣಿಗಳನ್ನು ನೆನೆಸಿಕೊಂಡರೆ ಇಂಥ ಸಂಘದ ಕಲ್ಪನೆ ಬರುತ್ತದೆ. ಯಾರು ಮಾರಬಹುದು, ಯಾರು ಶಿಷ್ಯರನ್ನು ಇಟ್ಟುಕೊಳ್ಳಬಹುದು ಎಂಬುದನ್ನೆಲ್ಲ ಸಂಘವೇ ತೀರ್ಮಾನಿಸುತ್ತಿತ್ತು. ಹಾರ್ಲೆಮ್‌ನ ಸಂಘಕ್ಕೆ 1631ರಲ್ಲಿ ಸಾರಾ ಫಾನ್ ಬಾಲ್‌ಬೆರ್ಗೆನ್ ಎಂಬ ಮಹಿಳೆ ಸೇರಿದ್ದಳು. (ಪಾಪ, ಆಕೆಯದೆಂದು ಹೇಳಬಹುದಾದ ಒಂದು ಚಿತ್ರವೂ ಇಂದು ಉಳಿದಿಲ್ಲ.) 1633ರಲ್ಲಿ ಜೂಡಿತ್ ಸದಸ್ಯೆಯಾದಳು. ಸ್ವಂತ ಚಿತ್ರಶಾಲೆ ತೆರೆದಳು, ಗಂಡು ಶಿಷ್ಯರನ್ನೂ ಸೇರಿಸಿಕೊಂಡಳು.

1635ರ ಒಂದು ಜಗಳ ಆಕೆಯ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಶಿಷ್ಯನೊಬ್ಬ ಸೇರಿದ ಕೆಲವೇ ದಿನಗಳಲ್ಲಿ ಬಿಟ್ಟು ಫ್ರಾನ್ಸ್ ಹಾಲ್ಸ್‌ನ ಚಿತ್ರಶಾಲೆಗೆ ಹೋದ. ಊರಿನ ದೊಡ್ಡ ಕಲಾವಿದನೆಂದು ಜೂಡಿತ್ ಸುಮ್ಮನಿರಲಿಲ್ಲ, ಸಂಘಕ್ಕೆ ದೂರು ಕೊಟ್ಟಳು. ಎಂಟು ಗಿಲ್ಡರ್ ಕೇಳಿದಳು, ಹುಡುಗನ ತಾಯಿಯಿಂದ ನಾಲ್ಕು ಸಿಕ್ಕಿತು. ಹಾಲ್ಸ್ ಹುಡುಗನನ್ನು ಹಿಂದಕ್ಕೆ ಕಳಿಸುವ ಬದಲು ಮೂರು ಗಿಲ್ಡರ್ ದಂಡ ಕಟ್ಟಿದ. ಶಿಷ್ಯನ ಹೆಸರನ್ನು ಸಂಘದಲ್ಲಿ ನೋಂದಾಯಿಸಿರಲಿಲ್ಲವೆಂದು ಜೂಡಿತ್‌ಗೂ ದಂಡ ಬಿತ್ತು! ಲಾಭ ನಷ್ಟದ ಲೆಕ್ಕ ಹಾಗಿರಲಿ, ಹಾಲ್ಸ್‌ನ ಎದುರು ನಿಂತು ನ್ಯಾಯ ಕೇಳುವಷ್ಟು ಸ್ಥಾನ ಆಕೆಗಿತ್ತು ಎಂಬುದು ಗಮನಾರ್ಹ.

ಆಕೆಯ ಚಿತ್ರಗಳಲ್ಲಿ ತುಂಬ ಚರ್ಚೆಗೆ ಒಳಗಾಗಿರುವುದು 1631ರದು, ಈಗ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಗಾತ್ರದಲ್ಲಿ ಬಹಳ ಚಿಕ್ಕದು, ಎತ್ತರ ಸುಮಾರು 31 ಸೆಂಟಿಮೀಟರ್. ರಾತ್ರಿ ಹೊತ್ತು, ದೀಪದ ಬೆಳಕಿನಲ್ಲಿ ಹೆಂಗಸೊಬ್ಬಳು ತಲೆ ತಗ್ಗಿಸಿ ಹೊಲಿಯುತ್ತಿದ್ದಾಳೆ. ತುಪ್ಪಳದ ಟೋಪಿಯ ಗಂಡಸೊಬ್ಬ ಅವಳ ಹೆಗಲ ಮೇಲೆ ಕೈಯಿಟ್ಟು ಬಾಗಿ, ಅಂಗೈ ತುಂಬ ನಾಣ್ಯ ಹಿಡಿದು ತೋರಿಸುತ್ತಿದ್ದಾನೆ. ಇಂಥ ವಿಷಯ ಅಂದಿನ ಚಿತ್ರಗಾರರಿಗೆ ಹೊಸದಲ್ಲ. ಆದರೆ ಅವರ ಚಿತ್ರಗಳಲ್ಲಿ ಹೆಂಗಸು ನಗುತ್ತಿರುತ್ತಾಳೆ, ಬಟ್ಟಲು ಎತ್ತಿರುತ್ತಾಳೆ, ವ್ಯವಹಾರ ಕುದುರಿರುತ್ತದೆ. ಜೂಡಿತ್‌ಳ ಹೆಂಗಸು ಸೂಜಿಯಿಂದ ಕಣ್ಣೆತ್ತುವುದಿಲ್ಲ. ಇದು ನಿರಾಕರಣೆಯೋ, ಮದುವೆಯ ಪ್ರಸ್ತಾಪದ ಒಂದು ಬಗೆಯೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಆದರೆ ಆ ಬಿಗಿದ ಹೆಗಲನ್ನು ನೋಡಿದವರಿಗೆ ಅನುಮಾನ ಉಳಿಯುವುದು ಕಷ್ಟ.

1636ರ ಜೂನ್‌ನಲ್ಲಿ ಆಕೆ ಯಾನ್ ಮೀನ್ಸೆ ಮೋಲೆನಾರ್ ಎಂಬ ಚಿತ್ರಗಾರನನ್ನು ಮದುವೆಯಾದಳು. ಇಬ್ಬರೂ ಆಮ್‌ಸ್ಟರ್‌ಡ್ಯಾಮಿಗೆ ಹೋದರು. ಐದು ಮಕ್ಕಳಾದರು, ಬದುಕಿ ದೊಡ್ಡವರಾದದ್ದು ಇಬ್ಬರು ಮಾತ್ರ. ಸಂಸಾರ, ವ್ಯವಹಾರದ ಲೆಕ್ಕಪತ್ರ ಎಲ್ಲದರ ನಡುವೆ ಆಕೆಯ ರುಜು ಬಹಳ ಅಪರೂಪವಾಯಿತು. 1643ರ ಒಂದು ಟ್ಯೂಲಿಪ್ ಹೂವು, 1654ರ ಒಂದು ಹೂದಾನಿ, ಹೀಗೆ ಬೆರಳೆಣಿಕೆಯಷ್ಟು. 1660ರ ಫೆಬ್ರುವರಿಯಲ್ಲಿ ಐವತ್ತನೆಯ ವಯಸ್ಸಿಗೆ ತೀರಿಕೊಂಡಳು. ಎಂಟು ವರ್ಷಗಳ ನಂತರ ಗಂಡ ಸತ್ತಾಗ ಮನೆಯ ಆಸ್ತಿಯ ಪಟ್ಟಿ ಮಾಡಿದ ಗುಮಾಸ್ತ ಆಕೆಯ ಚಿತ್ರಗಳನ್ನು ‘ಮೃತನ ಹೆಂಡತಿಯದು’ ಎಂದು ಬರೆದುಕೊಂಡ. ಹೆಸರು ಅಳಿಯಲು ಶುರುವಾದದ್ದು ಅಲ್ಲಿಂದಲೇ ಎನ್ನಬೇಕು.

ಉಳಿದದ್ದನ್ನು ಪೇಟೆ ಮಾಡಿತು. ಮರೆತುಹೋಗಿದ್ದ ಹಾಲ್ಸ್‌ನಿಗೆ ಹತ್ತೊಂಬತ್ತನೆಯ ಶತಮಾನದ ನಡುವೆ ಮತ್ತೆ ಬೆಲೆ ಬಂತು. 1865ರಲ್ಲಿ ಪ್ಯಾರಿಸ್ ಹರಾಜಿನಲ್ಲಿ ಆತನ ಒಂದು ಚಿತ್ರ 51 ಸಾವಿರ ಫ್ರಾಂಕ್‌ಗೆ ಹೋಯಿತು. ಆಮೇಲೆ ಕೇಳಬೇಕೆ? ಹಾಲ್ಸ್‌ನ ಛಾಯೆಯಿದ್ದ ಚಿತ್ರವೆಲ್ಲ ಹಾಲ್ಸ್‌ನದೇ ಆಯಿತು. ಇದು ನಮಗೇನೂ ಅಪರಿಚಿತ ಸಂಗತಿಯಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಪ್ರಸಿದ್ಧ ಜಲವರ್ಣ ಚಿತ್ರವಿದೆ. ಅದನ್ನು ಬರೆದವರು ಎಸ್. ಎಲ್. ಹಳದಂಕರ್. ನೋಡಿ ಬಂದವರಲ್ಲಿ ಎಷ್ಟೋ ಮಂದಿ ರವಿವರ್ಮನದೆಂದೇ ಹೇಳುತ್ತಾರೆ. ಒಳ್ಳೆಯದೆಲ್ಲ ದೊಡ್ಡ ಹೆಸರಿನ ಖಾತೆಗೆ ಜಮೆಯಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿಯದು ತಿಳಿಯದ ತಪ್ಪು, ಜೂಡಿತ್‌ಳ ವಿಷಯದಲ್ಲಿ ಅದಕ್ಕೆ ದುಡ್ಡಿನ ಆಸೆ ಸೇರಿತ್ತು.

1892ರಲ್ಲಿ ಲಂಡನ್ನಿನ ವ್ಯಾಪಾರಿಯೊಬ್ಬ 4,500 ಪೌಂಡಿಗೆ ಮಾರಿದ ‘ಹಾಲ್ಸ್ ಚಿತ್ರ’ವೊಂದರಲ್ಲಿ ಗಂಡು ಹೆಣ್ಣು ಕುಳಿತು ಕುಡಿಯುತ್ತ, ಪಿಟೀಲು ನುಡಿಸುತ್ತ ನಲಿಯುತ್ತಿದ್ದರು. ಹಾಲ್ಸ್‌ನ ಖೋಟಾ ರುಜುವಿನ ಅಡಿಯಲ್ಲಿ ಜೆ, ಎಲ್ ಮತ್ತು ನಕ್ಷತ್ರ ಪತ್ತೆಯಾದವು. ಕೊಂಡವರು ಕೋರ್ಟಿಗೆ ಹೋದರು. 1893ರ ಮೇ ತಿಂಗಳಲ್ಲಿ ರಾಜಿಯಾಗಿ ಬೆಲೆ ಇಳಿಸಿಕೊಂಡರು. ಚಿತ್ರ ನಿನ್ನೆ ಇದ್ದಂತೆಯೇ ಇತ್ತು, ಒಂದು ಗೆರೆಯೂ ಬದಲಾಗಿರಲಿಲ್ಲ. ಹಾಲ್ಸ್‌ನಿಗೆ ಸಮನಾದ ಇನ್ನೊಬ್ಬ ಕಲಾವಿದೆ ಸಿಕ್ಕಳಲ್ಲ ಎಂದು ಆ ವ್ಯಾಜ್ಯದಲ್ಲಿ ಯಾರೂ ಸಂತೋಷಪಟ್ಟಂತೆ ಕಾಣುವುದಿಲ್ಲ. ಆ ಚಿತ್ರ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಆ ನಕ್ಷತ್ರದ ಜಾಡು ಹಿಡಿದವನು ಕಾರ್ನೆಲಿಸ್ ಹೋಫ್‌ಸ್ಟೆಡೆ ಡಿ ಗ್ರೂಟ್ ಎಂಬ ಡಚ್ ವಿದ್ವಾಂಸ. 1893ರಲ್ಲೇ ಆತ ಏಳು ಚಿತ್ರಗಳು ಜೂಡಿತ್‌ಳವೆಂದು ಬರೆದ. ಅಲ್ಲಿಂದ ಒಂದೊಂದಾಗಿ ಚಿತ್ರಗಳು ಮನೆಗೆ ಮರಳಿದವು. 1989ರಲ್ಲಿ ಅಮೆರಿಕದ ಫ್ರಿಮಾ ಫಾಕ್ಸ್ ಹಾಫ್‌ರಿಕ್ಟರ್ ಆಕೆಯ ಮೇಲೆ ಸಮಗ್ರ ಗ್ರಂಥ ತಂದರು. 1993ರಲ್ಲಿ ಹಾರ್ಲೆಮ್‌ನಲ್ಲೂ ಅಮೆರಿಕದ ವೂಸ್ಟರ್‌ನಲ್ಲೂ ದೊಡ್ಡ ಪ್ರದರ್ಶನ ನಡೆಯಿತು. ಹಾರ್ಲೆಮ್‌ನ ಪ್ರದರ್ಶನ ನಡೆದದ್ದು ಫ್ರಾನ್ಸ್ ಹಾಲ್ಸ್‌ನ ಹೆಸರಿನ ಸಂಗ್ರಹಾಲಯದಲ್ಲೇ ಎಂಬುದು ತಮಾಷೆಯ ಸಂಗತಿ.

ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿರುವ, ಸುಮಾರು 1630ರ ಆತ್ಮಚಿತ್ರವನ್ನೂ ಹಿಂದೆ ಹಾಲ್ಸ್‌ನದೆಂದೇ ನಂಬಿದ್ದರು. ದೊಡ್ಡ ಕೊರಳಪಟ್ಟಿಯ ಒಳ್ಳೆಯ ಉಡುಪು ತೊಟ್ಟು, ಕುಂಚಗಳ ಕಟ್ಟು ಹಿಡಿದು, ಕೆಲಸದ ನಡುವೆ ಯಾರೋ ಕರೆದರೆಂಬಂತೆ ತಿರುಗಿ ನಗುತ್ತಿದ್ದಾಳೆ. ಎದುರಿನ ಪಟದಲ್ಲಿ ಪಿಟೀಲಿನವನ ಚಿತ್ರ ಅರ್ಧ ಮುಗಿದಿದೆ. ಅವಕೆಂಪು ಕಿರಣಗಳಿಂದ ಪರೀಕ್ಷಿಸಿದಾಗ ಆ ಪಿಟೀಲಿನವನ ಅಡಿಯಲ್ಲಿ ಮೊದಲು ಬರೆದಿದ್ದ ಹೆಣ್ಣಿನ ಮುಖವೊಂದು ಕಂಡಿತು. ತನ್ನದೇ ಮುಖವನ್ನು ಅಳಿಸಿ ಆಕೆ ಪಿಟೀಲಿನವನನ್ನು ಬರೆದಿರಬೇಕು. ತಾನು ಎಂಥ ಚಿತ್ರ ಬರೆಯಬಲ್ಲೆ ಎಂಬುದಕ್ಕೆ ಅದು ಜಾಹೀರಾತೂ ಹೌದು. 2016ರಲ್ಲಿ, ಸುಮಾರು 1653ರ ಇನ್ನೊಂದು ಆತ್ಮಚಿತ್ರ ಖಾಸಗಿ ಸಂಗ್ರಹವೊಂದರಿಂದ ಬೆಳಕಿಗೆ ಬಂತು. ಮದುವೆಯೊಂದಿಗೆ ಆಕೆ ಕುಂಚ ಕೆಳಗಿಟ್ಟಳು ಎಂಬ ಹಳೆಯ ಮಾತನ್ನು ಅದು ಇನ್ನಷ್ಟು ಸಡಿಲಿಸಿದೆ.

2021ರ ಮಾರ್ಚ್ 8ರಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಸಂಗ್ರಹಾಲಯ ತನ್ನ ಗೌರವಾಂಗಣದಲ್ಲಿ ಮೊದಲ ಬಾರಿಗೆ ಮಹಿಳೆಯರ ಚಿತ್ರಗಳನ್ನು ತೂಗುಹಾಕಿತು. ಮೂವರಲ್ಲಿ ಜೂಡಿತ್ ಒಬ್ಬಳು. ಅದಕ್ಕೆ ಆರಿಸಿದ್ದು ಆಕೆಯ 1629ರ ಚಿತ್ರ: ಕೆಳಗಿನಿಂದ ಬೀಳುವ ದೀಪದ ಬೆಳಕಿನಲ್ಲಿ ತಂತಿವಾದ್ಯ ನುಡಿಸುತ್ತ, ಹಾಡುತ್ತ ಮೇಲಕ್ಕೆ ನೋಡುವ ತರುಣ. ಅದನ್ನು ಬರೆದಾಗ ಆಕೆಗೆ ಇಪ್ಪತ್ತು ವರ್ಷ.