ಜೋಡುನಳಿಗೆ ಹಕ್ಕಿ ಕೋವಿ: ಬ್ರಿಟಿಷ್ ಮತ್ತು ಅಮೆರಿಕನ್ ಪರಂಪರೆ

ಎರಡು ನಳಿಗೆಗಳನ್ನು ಪಕ್ಕಪಕ್ಕಕ್ಕೆ ಬೆಸೆದು ಒಂದೇ ಮರದ ಹಿಡಿಗೆ ಕೂರಿಸಿದ, ಒಂಟಿ ಗುಂಡಿನ ಬದಲು ಚರೆ ಹಾರಿಸುವ ಕೋವಿಗೆ ಜೋಡುನಳಿಗೆ ಕೋವಿ ಎಂದು ಹೆಸರು. ಹಾರುವ ಹಕ್ಕಿಯ ಬೇಟೆಗೆಂದೇ ರೂಪುಗೊಂಡ ಈ ಆಯುಧ ಬ್ರಿಟನ್ನಿನಲ್ಲಿ 19ನೇ ಶತಮಾನದುದ್ದಕ್ಕೂ ಹಂತಹಂತವಾಗಿ ಮಾಗಿತು. ಅಮೆರಿಕದಲ್ಲಿ ಅದರ ಒಳ್ಳೆಯ ಕಾಲ 1870ರ ದಶಕದಿಂದ ಎರಡನೆಯ ಮಹಾಯುದ್ಧದವರೆಗೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಕೈಗೆತ್ತಿಕೊಂಡರೆ ಮಾತ್ರ ಒಂದು ಹಗುರ, ಇನ್ನೊಂದು ಭಾರ. ಒಂದರ ಹಿಡಿ ನೇರ, ಇನ್ನೊಂದರದು ಬಾಗು. ಲಂಡನ್ನಿನ ಕೋವಿ ನಾಜೂಕು, ಅಮೆರಿಕದ್ದು ಒರಟು ಎಂದು ಹೇಳಿಬಿಡುವುದು ವಾಡಿಕೆ; ಅದು ಅರ್ಧ ಮಾತ್ರ ನಿಜ. ಹಕ್ಕಿ ಬೇಟೆಗಾರನ ಎದುರಿಗೆ ಹೇಗೆ ಬರುತ್ತದೆ, ಕಾನೂನಿನ ಪ್ರಕಾರ ಆ ಹಕ್ಕಿ ಯಾರದು, ಕೋವಿ ಮಾಡುವ ಕೆಲಸಗಾರನಿಗೆ ಕೂಲಿ ಎಷ್ಟು ಎಂಬ ಮೂರು ಸಂಗತಿಗಳೇ ಎರಡು ದೇಶಗಳ ಕೋವಿಗಳನ್ನು ಬೇರೆ ಮಾಡಿದವು.

ಬೋರಿನ ಅಳತೆ ಮಾತ್ರ ಎರಡೂ ಕಡೆ ಒಂದೇ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡುಗಳನ್ನು ಎರೆದರೆ ಅವುಗಳಲ್ಲಿ ಒಂದರ ವ್ಯಾಸವೇ 12 ಬೋರ್, ಅಂದರೆ ಸುಮಾರು 18.5 ಮಿಲಿಮೀಟರ್. ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. 16 ಮತ್ತು 20 ಬೋರುಗಳು ಅದಕ್ಕಿಂತ ಸಣ್ಣವು.

ಮ್ಯಾಂಟನ್‌ನಿಂದ ಪರ್ಡಿವರೆಗೆ

ಇಂದಿನ ಜೋಡುನಳಿಗೆ ಕೋವಿಯ ಮೈಕಟ್ಟನ್ನು ತಿದ್ದಿದವನು ಲಂಡನ್ನಿನ ಜೋಸೆಫ್ ಮ್ಯಾಂಟನ್ (1766–1835). ಎರಡು ನಳಿಗೆಗಳ ನಡುವೆ ಎತ್ತರಿಸಿದ ಪಟ್ಟಿಗೆ ಆತ 1806ರಲ್ಲಿ ಪೇಟೆಂಟ್ ಪಡೆದ. ಹಕ್ಕಿಯ ಮೇಲಿಟ್ಟ ಕಣ್ಣು ಆ ಪಟ್ಟಿಯ ಮೇಲೆ ಹಾದು ಹೋಗುವಂತೆ ಮಾಡಿದ್ದರಿಂದ ಗುರಿ ಕೆಳಕ್ಕೆ ಬೀಳುವುದು ತಪ್ಪಿತು. ವ್ಯಾಪಾರದಲ್ಲಿ ಮಾತ್ರ ಅವನ ಗುರಿ ಕೆಟ್ಟಿತು, 1826ರಲ್ಲಿ ದಿವಾಳಿಯಾದ. ಆದರೆ ಅವನ ಕಾರ್ಖಾನೆಯಲ್ಲಿ ಪಳಗಿ ಹೊರಬಂದವರ ಪಟ್ಟಿ ದೊಡ್ಡದು: 1814ರಲ್ಲಿ ಸ್ವಂತ ಅಂಗಡಿ ತೆರೆದ ಜೇಮ್ಸ್ ಪರ್ಡಿ, ಥಾಮಸ್ ಬಾಸ್, ಚಾರ್ಲ್ಸ್ ಲ್ಯಾಂಕಾಸ್ಟರ್, ಜೋಸೆಫ್ ಲ್ಯಾಂಗ್. ಲಂಡನ್ನಿನ ಕೋವಿ ಉದ್ಯಮವೆಂಬುದು ಬಹುಪಾಲು ಈ ಒಬ್ಬನ ಶಿಷ್ಯಪರಂಪರೆ.

ಮುಂದಿನ ತಿರುವು ಬಂದದ್ದು ಫ್ರಾನ್ಸಿನಿಂದ. ಅಲ್ಲಿಯವರೆಗೆ ಮದ್ದು, ಚರೆ ಎಲ್ಲವನ್ನೂ ನಳಿಗೆಯ ಬಾಯಿಂದ ಸುರಿದು ಗಜದಿಂದ ಜಡಿಯಬೇಕಿತ್ತು. ನಳಿಗೆ ಬಾಗಿ ಹಿಂದಿನಿಂದ ತೋಟಾ ತುಂಬುವ ಲೆಫೋಶೊ ಮಾದರಿಯ ಕೋವಿ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಲ್ಯಾಂಗ್ ಅದನ್ನು ನೋಡಿ ಬ್ರಿಟಿಷ್ ಆವೃತ್ತಿ ತಯಾರಿಸಿದ. 1861ರಲ್ಲಿ ಜಾರ್ಜ್ ಡಾ ಮಾರುಕಟ್ಟೆಗೆ ತಂದ ತೋಟಾದ ಬುಡದ ನಡುವೆಯೇ ಕೇಪು ಇತ್ತು. ಇಂದಿನ ತೋಟಾದ ಪೂರ್ವಜ ಅದೇ. ನಳಿಗೆಯನ್ನು ಭದ್ರವಾಗಿ ಕಚ್ಚಿ ಹಿಡಿಯುವ ಪರ್ಡಿ ಬೋಲ್ಟ್ 1863ರಲ್ಲಿ ಬಂತು. ಬರ್ಮಿಂಗ್‌ಹ್ಯಾಮ್‌ನ ಸ್ಕಾಟ್ ಕಂಪನಿ 1865ರಲ್ಲಿ ರೂಪಿಸಿದ ಮೇಲ್ಗಡೆಯ ಸನ್ನೆಯ ವ್ಯವಸ್ಥೆ ಅದಕ್ಕೆ ಜೊತೆಯಾಯಿತು. ಈ ಎರಡರ ಜೋಡಿ ಇಂದಿಗೂ ಬದಲಾಗಿಲ್ಲ.

1875ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ವಿಲಿಯಂ ಆನ್ಸನ್ ಮತ್ತು ಜಾನ್ ಡೀಲಿ ಹೊರಗಿನ ಹ್ಯಾಮರುಗಳನ್ನು ತೆಗೆದು ಎಲ್ಲವನ್ನೂ ಉಕ್ಕಿನ ಪೆಟ್ಟಿಗೆಯೊಳಗೆ ಅಡಗಿಸಿದರು. ನಳಿಗೆ ಬಾಗಿಸಿದರೆ ಸಾಕು, ಒಳಗಿನ ಹ್ಯಾಮರ್ ತಾನಾಗಿ ಏರಿ ನಿಲ್ಲುತ್ತದೆ. ಬಾಕ್ಸ್‌ಲಾಕ್ ಎಂಬ ಈ ರಚನೆ ಅಗ್ಗ, ಗಟ್ಟಿ. ಲಂಡನ್ನಿನವರು ಮಾತ್ರ ಎರಡು ಬದಿಯ ತಗಡುಗಳಿಗೆ ಯಂತ್ರ ಜೋಡಿಸುವ ಸೈಡ್‌ಲಾಕಿಗೇ ಅಂಟಿಕೊಂಡರು. ಫ್ರೆಡರಿಕ್ ಬೀಸ್ಲಿ 1880ರಲ್ಲಿ ಪೇಟೆಂಟ್ ಪಡೆದು ಪರ್ಡಿಗೆ ಮಾರಿದ ಸೈಡ್‌ಲಾಕಿನಲ್ಲಿ ಸ್ಪ್ರಿಂಗಿನ ಬಲದ ಒಂದು ಪಾಲು ಕೋವಿಯನ್ನು ತೆರೆಯುವುದಕ್ಕೇ ಮೀಸಲು. ಸನ್ನೆ ಒತ್ತಿದರೆ ನಳಿಗೆ ತಾನೇ ಬಾಗುತ್ತದೆ. ಇದು ಸೋಮಾರಿಗಳಿಗೆ ಮಾಡಿಕೊಟ್ಟ ಸೌಕರ್ಯವಲ್ಲ. ಅದರ ಕಾರಣ ಬೇಟೆಯ ಕ್ರಮದಲ್ಲಿದೆ.

ಬಿಲ್ಲಿಗೆ ನಿಂತವರು

ವಿಕ್ಟೋರಿಯಾ ಕಾಲದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಸಿರಿವಂತರ ಬೇಟೆ, ಮಲೆನಾಡಿನ ಮಾತಿನಲ್ಲಿ ಹೇಳುವುದಾದರೆ, ಹಳು ನುಗ್ಗುವ ಬೇಟೆಯಾಗಿತ್ತು. ಸಾಲಾಗಿ ನಡೆದು ಬರುವ ಆಳುಗಳು ಫೆಸೆಂಟ್, ಗ್ರೌಸ್ ಹಕ್ಕಿಗಳನ್ನು ಎಬ್ಬಿಸುತ್ತಿದ್ದರು. ಬಿಲ್ಲಿಗೆ, ಅಂದರೆ ಹಕ್ಕಿ ಹಾದುಬರುವ ಕಡೆ ಕಾದು, ನಿಂತ ದೊರೆಗಳ ತಲೆಯ ಮೇಲೆ ಅವು ಎತ್ತರದಲ್ಲಿ, ಒಂದರ ಹಿಂದೊಂದು, ವೇಗವಾಗಿ ಹಾದುಹೋಗುತ್ತಿದ್ದವು. ಒಬ್ಬನಿಗೆ ಒಂದೇ ಅಳತೆ, ಒಂದೇ ತೂಕದ ಎರಡು ಕೋವಿ, ಹಿಂದೆ ತೋಟಾ ತುಂಬಿ ಕೊಡುವ ಆಳು. ದಿನಕ್ಕೆ ನೂರಾರು ಈಡು ಹಾರಿಸಬೇಕಾದವನಿಗೆ ಭಾರದ ಕೋವಿ ಒಗ್ಗದು. ತಾನೇ ತೆರೆದುಕೊಳ್ಳುವ, ಖಾಲಿ ತೋಟಾವನ್ನು ತಾನೇ ಹೊರಗೆಸೆಯುವ ಕೋವಿ ಬೇಕಾಗಿತ್ತು. ಎಜೆಕ್ಟರ್, ಬಾಸ್ ಕಂಪನಿ 1894ರಲ್ಲಿ ತಂದ ಒಂಟಿ ಟ್ರಿಗರ್ ಎಲ್ಲವೂ ಈ ಅವಸರದ ಮಕ್ಕಳು. 1913ರ ಡಿಸೆಂಬರ್ 18ರಂದು ಬಕಿಂಗ್‌ಹ್ಯಾಮ್‌ಷೈರಿನ ಹಾಲ್ ಬಾರ್ನ್ ಎಸ್ಟೇಟಿನಲ್ಲಿ ಐದನೇ ಜಾರ್ಜ್ ದೊರೆಯೂ ಸೇರಿದ್ದ ತಂಡ ಒಂದೇ ದಿನ 3,900ಕ್ಕೂ ಹೆಚ್ಚು ಫೆಸೆಂಟುಗಳನ್ನು ಕೊಂದಿತು. ಇದನ್ನು ಬೇಟೆ ಎನ್ನುವುದಕ್ಕಿಂತ ಕಟಾವು ಎನ್ನುವುದೇ ಸರಿ. ಆ ಕಾಲದ ಅತಿ ನಿಪುಣ ಗುರಿಕಾರನೆನಿಸಿದ ಲಾರ್ಡ್ ರಿಪನ್ (1852–1923) ಮತ್ತು ಸ್ವತಃ ಐದನೇ ಜಾರ್ಜ್ ಇಬ್ಬರೂ ಹೊಸ ಯಂತ್ರಗಳನ್ನು ಬಿಟ್ಟು ಹಳೆಯ, ಹೊರಗೆ ಹ್ಯಾಮರ್ ಇರುವ ಪರ್ಡಿಗಳನ್ನೇ ಹಿಡಿದರೆಂಬುದು ಇತಿಹಾಸದ ಸಣ್ಣ ತಮಾಷೆ.

ಇಂಥ ಕೋವಿಯನ್ನು ಕಟ್ಟುವ ಕೆಲಸ ನಿಧಾನದ್ದು. ನಳಿಗೆಯವನು, ಯಂತ್ರದವನು, ಹಿಡಿ ಕೆತ್ತುವವನು, ಚಿತ್ತಾರ ಕೊರೆಯುವವನು, ಕೊನೆಯ ಮೆರುಗು ಕೊಡುವವನು ಬೇರೆಬೇರೆ. ನಳಿಗೆಯ ಕೊಂಡಿ ಉಕ್ಕಿನ ಮೈಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ಅದಕ್ಕಾಗಿ ಸಣ್ಣ ಎಣ್ಣೆ ದೀಪದ ಹೊಗೆಗೆ ಹಿಡಿದು ಒಂದು ತುಂಡಿಗೆ ಮಸಿ ಬಳಿಯುತ್ತಾರೆ, ಇನ್ನೊಂದಕ್ಕೆ ಒತ್ತಿ ತೆಗೆಯುತ್ತಾರೆ. ಮಸಿ ಹತ್ತಿದ ಕಡೆ ಮಾತ್ರ ಅರದಿಂದ ಒಂದೆರಡು ಎಳೆ ಉಜ್ಜಿ, ಮತ್ತೆ ಮಸಿ, ಮತ್ತೆ ಅರ. ಇಡೀ ಮೇಲ್ಮೈಗೆ ಸಮನಾಗಿ ಮಸಿ ಹತ್ತುವ ತನಕ ಈ ಕೆಲಸ ಮುಗಿಯದು. ಕೂಲಿ ಅಗ್ಗವಾಗಿ, ಪಳಗಿದ ಕೈಗಳು ಧಾರಾಳವಾಗಿದ್ದ ಬ್ರಿಟನ್ನಿನಲ್ಲಿ ಇದು ನಡೆಯಿತು.

ಅಟ್ಲಾಂಟಿಕ್‌ನ ಆಚೆ

ಬ್ರಿಟನ್ನಿನಲ್ಲಿ ಹಕ್ಕಿಬೇಟೆಯ ಹಕ್ಕು ಜಮೀನಿಗೆ ಅಂಟಿಕೊಂಡದ್ದು. 1831ರ ಗೇಮ್ ಆ್ಯಕ್ಟ್ ಅದಕ್ಕೆ ಕಾಲ, ಪರವಾನಗಿಗಳನ್ನು ಗೊತ್ತುಮಾಡಿತು. ಅಮೆರಿಕದಲ್ಲಿ ಕಾಡುಹಕ್ಕಿ ಜಮೀನ್ದಾರನ ಸ್ವತ್ತಲ್ಲ. ಬಿಡುವಾದ ಬಡಗಿಯೂ ನಾಯಿ ಕರೆದುಕೊಂಡು ಬಾಬ್‌ವೈಟ್ ಲಾವುಗೆಯನ್ನೋ ಗ್ರೌಸನ್ನೋ ಹುಡುಕಿ ಹೊರಡಬಹುದಿತ್ತು. ಅವನ ಕೋವಿ ಒಂದೇ. ಬೆಳಿಗ್ಗೆ ಜೌಗಿನಲ್ಲಿ ಕಾಡುಬಾತು, ಮಧ್ಯಾಹ್ನ ಪೊದೆಯಲ್ಲಿ ಲಾವುಗೆ, ಎಲ್ಲಕ್ಕೂ ಅದೇ. ಮುಗ್ಗರಿಸಿ ಬಿದ್ದರೆ, ದೋಣಿಯಲ್ಲಿ ನೆನೆದರೆ ದುರಸ್ತಿಗೆ ಲಂಡನ್ನಿಗೆ ಕಳಿಸಲಾಗದು. ಇದರ ಪಕ್ಕದಲ್ಲೇ ಮಾರುಕಟ್ಟೆಗೆಂದು ಸಾವಿರಾರು ಹಕ್ಕಿ ಹೊಡೆಯುವ ವೃತ್ತಿಬೇಟೆಗಾರರಿದ್ದರು. 8 ಮತ್ತು 10 ಬೋರಿನ ಭಾರದ ಕೋವಿಗಳು ಅವರ ಉಪಕರಣ. 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಕೊನೆಯ ಪ್ಯಾಸೆಂಜರ್ ಪಾರಿವಾಳ ಸತ್ತದ್ದರಲ್ಲಿ ಅವರ ಪಾಲೂ ಇದೆ. 1900ರ ಲೇಸಿ ಕಾಯಿದೆ ಮತ್ತು 1918ರ ವಲಸೆ ಹಕ್ಕಿಗಳ ಕಾಯಿದೆಯ ನಂತರ ಆ ದಂಧೆ ನಿಂತಿತು.

ಮೊದಮೊದಲು ಅಮೆರಿಕನ್ನರು ಕೊಳ್ಳುತ್ತಿದ್ದುದು ಬರ್ಮಿಂಗ್‌ಹ್ಯಾಮ್ ಮತ್ತು ಬೆಲ್ಜಿಯಂನ ಕೋವಿಗಳನ್ನೇ. 1890ರ ಮೆಕಿನ್ಲಿ ಸುಂಕ ಆಮದಿಗೆ ಪೆಟ್ಟು ಕೊಟ್ಟು ಸ್ವದೇಶಿ ಕಾರ್ಖಾನೆಗಳಿಗೆ ಜೀವ ತುಂಬಿತು. ಆ ವೇಳೆಗೆ ಕನೆಕ್ಟಿಕಟ್‌ನ ಮೆರಿಡೆನ್ ಊರಿನ ಪಾರ್ಕರ್ ಬ್ರದರ್ಸ್ ಎರಡು ದಶಕದಿಂದ ಕೋವಿ ಮಾಡುತ್ತಿತ್ತು. 1934ರಲ್ಲಿ ಅದು ರೆಮಿಂಗ್ಟನ್ ಪಾಲಾಯಿತು. 1940ರ ದಶಕದ ಆರಂಭದಲ್ಲಿ ನಿಲ್ಲುವ ತನಕ ಹೊರಬಂದ ಪಾರ್ಕರ್‌ಗಳು ಸುಮಾರು 2,42,000. ಮೂಳೆ ಇದ್ದಿಲಿನಲ್ಲಿ ಹದಗೊಳಿಸಿದ ಉಕ್ಕಿನ ಮೇಲೆ ಮೂಡುವ ನೀಲಿ, ಕಂದು, ನೇರಳೆ ಬಣ್ಣಗಳ ಸುಳಿಗೆ ಪಾರ್ಕರ್ ಹೆಸರಾಗಿತ್ತು. ಒಳಯಂತ್ರ ಮಾತ್ರ ಬಿಡಿಭಾಗಗಳ ಸಂತೆ. ಕೆಳದರ್ಜೆಯ ಟ್ರೋಜನ್‌ಗೂ ಮೇಲ್ದರ್ಜೆಯ ಎ-1 ಸ್ಪೆಷಲ್‌ಗೂ ಅಂತರವಿದ್ದದ್ದು ಮರ, ಕೆತ್ತನೆ, ಮೆರುಗಿನಲ್ಲಿ, ಯಂತ್ರದಲ್ಲಲ್ಲ. ಕಾರ್ಖಾನೆಯ ದಾರಿ ಅದು: ಯಂತ್ರದಲ್ಲಿ ಒಂದೇ ಬಗೆಯ ಮೈಯನ್ನು ತಯಾರಿಸಿ, ಗಿರಾಕಿಯ ಜೇಬು ನೋಡಿ ಅಲಂಕರಿಸುವುದು.

ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಡ್ಯಾನ್ ಲೆಫೀವರ್ ಹ್ಯಾಮರ್ ಕಾಣದ ಕೋವಿಯ ಪ್ರಯೋಗ ನಡೆಸಿದ. ಅದೇ ಊರಿನ ಎಲ್.ಸಿ. ಸ್ಮಿತ್ ಅಮೆರಿಕದ ಹೆಸರಾಂತ ಸೈಡ್‌ಲಾಕ್ ಹೊರತಂದ. ಮುಂದೆ ಆತ ಕೋವಿಯ ವ್ಯಾಪಾರವನ್ನು ಫುಲ್ಟನ್‌ನ ಹಂಟರ್ ಸೋದರರಿಗೆ ಮಾರಿ ಟೈಪ್‌ರೈಟರ್ ಕಡೆ ಹೊರಳಿದ. ಸ್ಮಿತ್-ಕರೋನಾ ಯಂತ್ರದಲ್ಲಿರುವ ಸ್ಮಿತ್ ಇವನೇ. ಅವನ ಕೋವಿಯ ತಾಪತ್ರಯವೊಂದು ಪ್ರಸಿದ್ಧ: ಬದಿ ತಗಡಿನ ಹಿಂದೆ ಮರ ತೆಳುವಾಗಿ, ಹಳೆಯ ಸ್ಮಿತ್‌ಗಳಲ್ಲಿ ಅಲ್ಲಿ ಸೀಳು ಕಾಣುವುದೇ ಹೆಚ್ಚು. ಫಿಲಡೆಲ್ಫಿಯಾದ ಎ.ಎಚ್. ಫಾಕ್ಸ್ ಹ್ಯಾಮರ್ ಮತ್ತು ಫೈರಿಂಗ್ ಪಿನ್ ಎರಡನ್ನೂ ಒಂದೇ ತುಂಡಾಗಿ ಮಾಡಿ, ಸುರುಳಿ ಸ್ಪ್ರಿಂಗ್ ಹಾಕಿ, ಸರಳ ಯಂತ್ರವೊಂದನ್ನು ರೂಪಿಸಿದ. ಎಂಜಿನಿಯರಿಂಗ್ ದೃಷ್ಟಿಯಿಂದ ಅಮೆರಿಕದ ಜೋಡುನಳಿಗೆಗಳಲ್ಲಿ ಅತ್ಯಂತ ಚೊಕ್ಕದ್ದು ಇದೇ ಎನ್ನಬಹುದು. 1909ರಲ್ಲಿ ಆಫ್ರಿಕಕ್ಕೆ ಹೊರಟ ಥಿಯೋಡರ್ ರೂಸ್‌ವೆಲ್ಟ್ ಬಳಿ ಫಾಕ್ಸ್ ಕೊಟ್ಟ ಕೋವಿಯೂ ಇತ್ತು, ಬ್ರಿಟಿಷ್ ಅಭಿಮಾನಿಗಳು ಕೊಟ್ಟ ಹಾಲೆಂಡ್ ಅಂಡ್ ಹಾಲೆಂಡ್ ಜೋಡುನಳಿಗೆ ರೈಫಲ್ಲೂ ಇತ್ತು. ಆ ಫಾಕ್ಸ್ 2010ರ ಹರಾಜಿನಲ್ಲಿ 8,62,500 ಡಾಲರಿಗೆ ಹೋಯಿತು.

ಈ ಸಾಲಿನ ಕೊನೆಯ ದೊಡ್ಡ ಹೆಸರು ಮಹಾ ಆರ್ಥಿಕ ಕುಸಿತದ ನಡುವೆ ಬಂದ ವಿಂಚೆಸ್ಟರ್ ಮಾಡೆಲ್ 21. ಕಂಪನಿಯ ಹೊಸ ಒಡೆತನದಲ್ಲಿ ಜಾನ್ ಓಲಿನ್ ಅದರ ಬೆನ್ನಿಗೆ ನಿಂತ. ಅತಿ ಒತ್ತಡದ ಪರೀಕ್ಷಾ ತೋಟಾಗಳನ್ನು 2,000 ಸಲ ಹಾರಿಸಿದರೂ ಅದು ಸಡಿಲವಾಗಲಿಲ್ಲವೆಂಬುದೇ ಜಾಹೀರಾತು. ಲಂಡನ್ನಿನ ಯಾವ ಅಂಗಡಿಯೂ ಇಂಥ ಪ್ರಯೋಗಕ್ಕೆ ತನ್ನ ಕೋವಿ ಕೊಡುತ್ತಿರಲಿಲ್ಲ, ಅದರ ಗಿರಾಕಿಗಳು ಕೇಳುತ್ತಲೂ ಇರಲಿಲ್ಲ.

ತೂಕ, ಚರೆ, ಬಾಗು

ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯು.ಡಬ್ಲ್ಯು. ಗ್ರೀನರ್ ಹೆಸರಿನಲ್ಲಿ ಒಂದು ಲೆಕ್ಕ ಚಾಲ್ತಿಯಲ್ಲಿದೆ: ಕೋವಿಯ ತೂಕ ಅದರ ಒಂದು ಈಡಿನ ಚರೆಯ ತೂಕದ 96 ಪಟ್ಟು ಇರಬೇಕು. ಬ್ರಿಟಿಷ್ 12 ಬೋರಿಗೆ ರೂಢಿಯಲ್ಲಿದ್ದದ್ದು ಸುಮಾರು 30 ಗ್ರಾಂ ಚರೆ. ಅಂದರೆ ಕೋವಿ 2.9 ಕೆ.ಜಿ. ಅಮೆರಿಕದ ಬಾತುಬೇಟೆಗಾರನ ಈಡು 35 ಗ್ರಾಂ, ಅದಕ್ಕೆ 3.4 ಕೆ.ಜಿ. ಬೇಕು. ಎರಡು ದೇಶಗಳ ಹಳೆಯ ಕೋವಿಗಳನ್ನು ತಕ್ಕಡಿಗೆ ಹಾಕಿದರೆ ಬಹುತೇಕ ಇವೇ ಅಂಕಿಗಳು ಬರುತ್ತವೆ. ಒಂದನ್ನು ನಾಜೂಕೆಂದೂ ಇನ್ನೊಂದನ್ನು ಒರಟೆಂದೂ ಕರೆಯುವವರು ಗಮನಿಸಬೇಕಾದದ್ದು ಈ ಗುಣಾಕಾರವನ್ನು. 1922ರಲ್ಲಿ ಬಂದ ಸೂಪರ್-ಎಕ್ಸ್ ತೋಟಾ ಚರೆಯನ್ನು ಇನ್ನಷ್ಟು ದೂರ ಒಯ್ದಾಗ ಫಾಕ್ಸ್ ಕಂಪನಿ ಅದಕ್ಕೆಂದೇ ಭಾರದ ಸೂಪರ್ ಫಾಕ್ಸ್ ಮಾಡಿತು.

ನಳಿಗೆಯ ಬಾಯನ್ನು ಸ್ವಲ್ಪ ಕಿರಿದುಗೊಳಿಸಿ ಚರೆ ಬೇಗ ಚದುರದಂತೆ ಮಾಡುವ ಚೋಕ್ ಯಾರ ಆವಿಷ್ಕಾರವೆಂಬ ಜಗಳ ಹಳೆಯದು. ಇಂಗ್ಲೆಂಡಿನ ಪೇಪ್ 1866ರಲ್ಲಿ, ಅಮೆರಿಕದ ರೋಪರ್ 1868ರಲ್ಲಿ ಪೇಟೆಂಟ್ ಪಡೆದರು. 1875ರ ಲಂಡನ್ ಪರೀಕ್ಷೆಗಳಲ್ಲಿ ಗ್ರೀನರ್‌ನ ಚೋಕ್ ನಳಿಗೆ ಗೆದ್ದ ಮೇಲೆ ಅದು ಸಾರ್ವತ್ರಿಕವಾಯಿತು. ಅಮೆರಿಕನ್ನರು ಬಿಗಿ ಚೋಕನ್ನು ಮೆಚ್ಚಿದರು, ಬ್ರಿಟಿಷರು ಸಡಿಲವನ್ನು. ಹಳೆಯ ಅಮೆರಿಕನ್ ಹಿಡಿಗಳ ಬಾಗು ಹಿಂಬದಿಯಲ್ಲಿ ಮೂರು ಇಂಚು ದಾಟುವುದೂ ಉಂಟು; ಇಂದಿನವರು ಅದನ್ನು ಹೆಗಲಿಗಿಟ್ಟರೆ ಹಕ್ಕಿಯ ಕೆಳಗೆ ಹೊಡೆಯುತ್ತಾರೆ. ಬ್ರಿಟಿಷ್ ಹಿಡಿಯಲ್ಲಿ ಅದು ಎರಡು ಇಂಚಿನ ಆಸುಪಾಸು, ಅದೂ ಗಿರಾಕಿಯ ಮೈಯಳತೆ ತೆಗೆದು.

ಠಸ್ಸೆ ಮತ್ತು ತೋಟಾ

ಬ್ರಿಟನ್ನಿನಲ್ಲಿ ಮಾರಾಟಕ್ಕೆ ಮುಂಚೆ ಪ್ರತಿ ನಳಿಗೆಯೂ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ನಲ್ಲಿ ಅಧಿಕ ಮದ್ದಿನ ಪರೀಕ್ಷೆ ದಾಟಬೇಕು. ಕೋವಿ ಬಿಚ್ಚಿ ನಳಿಗೆಯ ಬುಡದ ಚಪ್ಪಟೆ ಭಾಗ ನೋಡಿದರೆ ಅದರ ಜಾತಕವೇ ಅಲ್ಲಿರುತ್ತದೆ: ವಜ್ರಾಕೃತಿಯೊಳಗೆ ಬೋರಿನ ಸಂಖ್ಯೆ, ಹೊಗೆಯಿಲ್ಲದ ಮದ್ದಿಗೆ ತಕ್ಕುದೋ ಇಲ್ಲವೋ ಎಂಬ ಗುರುತು, 1954ರ ನಂತರದ್ದಾದರೆ ಚದರ ಇಂಚಿಗೆ ಎಷ್ಟು ಟನ್ ಒತ್ತಡವೆಂಬ ಅಂಕಿ. ಅಮೆರಿಕದಲ್ಲಿ ಇಂಥ ಸರ್ಕಾರಿ ಕಡ್ಡಾಯ ಇರಲಿಲ್ಲ. ಕಂಪನಿಯ ಮಾತೇ ಪ್ರಮಾಣ.

ಹಳೆಯ ಬ್ರಿಟಿಷ್ ಕೋವಿಯ ತೋಟಾ ಗೂಡು ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಅಮೆರಿಕದ ಈಗಿನ ತೋಟಾ 70 ಮಿಲಿಮೀಟರ್. ಅದು ಒಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಮಡಿಸಿದ ಬಾಯಿ ಬಿಚ್ಚಿಕೊಳ್ಳುವುದು ಹಾರಿಸಿದ ಮೇಲೆ. ಬಿಚ್ಚಿದ ಬಾಯಿ ಕಿರಿದಾಗುತ್ತಾ ಹೋಗುವ ನಳಿಗೆಗೆ ಚಾಚಿ, ಒತ್ತಡ ಏರಿಬಿಡುತ್ತದೆ. ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಹೊಸೆದು ಮಾಡಿದ ಡಮಾಸ್ಕಸ್ ನಳಿಗೆಗಳ ಬಗ್ಗೆಯೂ ಇದೇ ಎಚ್ಚರಿಕೆ. ಆದರೆ ಹೊಗೆಯಿಲ್ಲದ ಮದ್ದಿನ ಪರೀಕ್ಷೆ ದಾಟಿದ ಡಮಾಸ್ಕಸ್ ನಳಿಗೆಗಳು ಬ್ರಿಟನ್ನಿನಲ್ಲಿ ಇಂದೂ ಬಳಕೆಯಲ್ಲಿವೆ.

ಇಳಿಗಾಲ ಮತ್ತು ಸಂಗ್ರಾಹಕರು

ಅಮೆರಿಕದ ಜೋಡುನಳಿಗೆಯನ್ನು ಕೆಡವಿದ್ದು ಬ್ರಿಟನ್ ಅಲ್ಲ, ಅಮೆರಿಕವೇ. ವಿಂಚೆಸ್ಟರ್‌ನ 1897ರ ಪಂಪ್ ಕೋವಿ ಮತ್ತು ಜಾನ್ ಬ್ರೌನಿಂಗ್‌ನ ಆಟೋ-5 ಕಡಿಮೆ ಬೆಲೆಗೆ ಐದು ಈಡು ಕೊಟ್ಟವು. ಬ್ರಿಟನ್ನಿನಲ್ಲಿ ಯುದ್ಧಗಳು ಎಸ್ಟೇಟುಗಳನ್ನೂ ಪಳಗಿದ ಕೈಗಳನ್ನೂ ಕಡಿಮೆ ಮಾಡಿದವು. ಹಕ್ಕಿಬೇಟೆಗಾರರು ಕ್ರಮೇಣ ಒಂದರ ಮೇಲೊಂದು ನಳಿಗೆಯಿರುವ ಕೋವಿಗೆ ತಿರುಗಿದರು. ಬೆಲ್ಜಿಯಂನಲ್ಲಿ ತಯಾರಾದ ಬ್ರೌನಿಂಗ್ ಸೂಪರ್‌ಪೋಸ್ಡ್ ಆ ದಾರಿಯನ್ನು ಜನಪ್ರಿಯಗೊಳಿಸಿತ್ತು.

ಕರ್ನಾಟಕದಲ್ಲಿ ಈ ಇತಿಹಾಸದ ಬ್ರಿಟಿಷ್ ಪಾಲೇ ಹೆಚ್ಚು ಕಾಣಸಿಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೇ ನಡೆದು ಬಂದಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋದ್ ದಿನ ಪೂಜೆಗಿಡುವ ಕೋವಿಗಳ ನಡುವೆ ಹಳೆಯ ಜೋಡುನಳಿಗೆಗಳೂ ಇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಅವು ಬೇಟೆಯ ಸಾಧನಗಳಾಗಿ ಉಳಿದಿಲ್ಲ.

ಸಂಗ್ರಾಹಕರ ಮನೋಧರ್ಮದಲ್ಲೂ ಎರಡು ದಾರಿ. ಬ್ರಿಟಿಷ್ ಮಾಲೀಕ ತನ್ನ ಕೋವಿಯನ್ನು ಆಗಾಗ ತಯಾರಕರಿಗೇ ಕಳಿಸಿ ಹಿಡಿಗೆ ಎಣ್ಣೆ, ನಳಿಗೆಗೆ ಕಪ್ಪು, ಬೇಕಾದರೆ ಹೊಸ ನಳಿಗೆಗಳನ್ನೇ ಹಾಕಿಸುತ್ತಾನೆ. ಬೆಲೆಗೆ ಅದರಿಂದ ದೊಡ್ಡ ಧಕ್ಕೆಯಿಲ್ಲ. ಪಾರ್ಕರ್ ಸಂಗ್ರಾಹಕ ಮೊದಲು ನೋಡುವುದು ಕಾರ್ಖಾನೆಯಿಂದ ಬಂದ ಮೂಲ ಬಣ್ಣ ಎಷ್ಟು ಉಳಿದಿದೆ ಎಂಬುದನ್ನು. ಹೊಸ ಬಣ್ಣ ಎಷ್ಟೇ ಚೆಂದವಿರಲಿ, ಬೆಲೆ ಇಳಿಯುತ್ತದೆ. ಬಾತುಬೇಟೆಗೆ ಸೀಸದ ಚರೆಯನ್ನು ಅಮೆರಿಕ 1991ರ ವೇಳೆಗೆ, ಇಂಗ್ಲೆಂಡ್ 1999ರಲ್ಲಿ ನಿಷೇಧಿಸಿದ ಮೇಲೆ ಎರಡೂ ಕಡೆಯವರ ಚಿಂತೆ ಒಂದಾಗಿದೆ: ಉಕ್ಕಿನ ಗಡಸು ಚರೆ ಹಳೆಯ ಮೆದು ನಳಿಗೆಗಳನ್ನು, ಅದರಲ್ಲೂ ಬಿಗಿ ಚೋಕನ್ನು, ಹಾಳುಮಾಡಬಲ್ಲದು. ಹಾಗಾಗಿ ಬಾತುಬೇಟೆಗೆ ಇವನ್ನು ಹಿಡಿಯುವವರು ದುಬಾರಿಯಾದರೂ ಬಿಸ್ಮತ್ ಚರೆಯ ತೋಟಾ ಕೊಳ್ಳುತ್ತಾರೆ.